ಅಪ್ಪನಿಗೆ ಹೇಳದ ಕಾಯಿಲೆ

"ಅಪ್ಪಗೆ ಮಾತ್ರ ಹೇಳ್ಬ್ಯಾಡಿ ಸಾ, ಎದೆ ಒಡಕಂತಾನೆ." ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಬಾಯಿ ಕ್ಯಾನ್ಸರಿನ ಬಯಾಪ್ಸಿ ವರದಿ ಬಂದಾಗ ಮಕ್ಕಳು ವೈದ್ಯರಲ್ಲಿ ಬೇಡಿಕೊಳ್ಳುವುದು ಹೀಗೆ. ಹೊರಗೆ ಬೆಂಚಿನ ಮೇಲೆ ಕೂತ ಯಜಮಾನನಿಗೆ ಸಿಗುವುದು 'ಬರೀ ಹುಣ್ಣು, ಔಷಧಿಗೆ ಮಾಯುತ್ತೆ' ಎಂಬ ಸಮಾಧಾನ. ಈ ರೂಢಿಯ ಹಿಂದಿರುವುದು ಪ್ರೀತಿಯೇ, ಅನುಮಾನವಿಲ್ಲ. ಆದರೆ ತಲೆ-ಕುತ್ತಿಗೆಯ ಕ್ಯಾನ್ಸರಿನಲ್ಲಿ ಈ ಪ್ರೀತಿ ರೋಗಿಯ ಕೈಯನ್ನೇ ಕಟ್ಟಿಹಾಕುತ್ತದೆ.

ಯಾಕೆಂದರೆ ಇದು ಮಲಗಿದವನಿಗೆ ಬೇರೆಯವರು ಮಾಡಿ ಮುಗಿಸುವ ಚಿಕಿತ್ಸೆಯಲ್ಲ. ರೇಡಿಯೇಷನ್ ಅಂದರೆ ವಾರಕ್ಕೆ 5 ದಿನದಂತೆ 6-7 ವಾರ. ಅದಕ್ಕೂ ಮೊದಲು ಕೆಟ್ಟ ಹಲ್ಲು ಕೀಳಿಸಬೇಕು. ಎರಡು-ಮೂರನೇ ವಾರಕ್ಕೆ ಬಾಯೊಳಗೆಲ್ಲ ಹುಣ್ಣೆದ್ದು, ಎಂಜಲು ಒಣಗಿ, ಮುದ್ದೆ ಹಾಗಿರಲಿ ಅಂಬಲಿಯೂ ಇಳಿಯುವುದಿಲ್ಲ. ಎಷ್ಟೋ ಜನರಿಗೆ ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕಬೇಕಾಗುತ್ತದೆ. ಕಾಯಿಲೆ ಏನೆಂದು ತಿಳಿಯದವನ ಕಣ್ಣಿಗೆ ಕಾಣುವುದಿಷ್ಟೇ: ಬರುವಾಗ ಒಂದು ಹುಣ್ಣಿತ್ತು, ಇವರು ಹತ್ತು ಮಾಡಿದರು. ಅಂಥವನು ಶೇಂಗಾ ಕೀಳುವ ಹೊತ್ತಿಗೆ ಊರಿಗೆ ಹೊರಟುಬಿಟ್ಟರೆ ತಪ್ಪು ಅವನದೇ? ನಡುವೆ ತಪ್ಪಿದ ದಿನಗಳು ಗಡ್ಡೆಗೆ ಚೇತರಿಸಿಕೊಳ್ಳಲು ಸಿಕ್ಕ ದಿನಗಳು. ಎಲೆಅಡಿಕೆ, ಹೊಗೆಸೊಪ್ಪು, ಬೀಡಿಯನ್ನೂ ಅವನು ಬಿಡುವುದಿಲ್ಲ. 'ಬರೀ ಹುಣ್ಣಿ'ಗೆ ಯಾಕೆ ಬಿಟ್ಟಾನು? ದವಡೆ ಬಿಗಿಯದಂತೆ ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಪೇರಿಸಿ ಹಲ್ಲುಗಳ ನಡುವೆ ಇಟ್ಟುಕೊಳ್ಳಬೇಕು, ಆಗಾಗ ಇನ್ನೊಂದು ಕಡ್ಡಿ ಸೇರಿಸಬೇಕು. ಮೂರು ಬೆರಳು ಒಂದರ ಮೇಲೊಂದು ಹಿಡಿಸುವಷ್ಟು ಬಾಯಿ ತೆರೆದರೆ ಗೆದ್ದಂತೆ. ಕಣ್ಣಲ್ಲಿ ನೀರು ಬರಿಸುವ ಈ ಕೆಲಸವನ್ನು ಮಗ ಅಪ್ಪನ ಪರವಾಗಿ ಮಾಡಲಾರ.

ಗುಟ್ಟು ಉಳಿಯುವುದೂ ಇಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ರೇಡಿಯೇಷನ್ ಇಲ್ಲ. ಬಹಳ ಜನ ಸುಮಾರು 200 ಕಿ.ಮೀ. ದೂರದ ಬೆಂಗಳೂರಿಗೆ, 1973ರಲ್ಲಿ ಆರಂಭವಾದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೇ ಹೋಗಬೇಕು. ಅಲ್ಲಿ ಅಕ್ಕಪಕ್ಕ ಕೂತವರ ಮೂಗಿನ ನಳಿಗೆ ನೋಡಿದಾಗಲೇ ಅವನಿಗೆ ಎಲ್ಲ ಅರ್ಥವಾಗಿರುತ್ತದೆ. ಆದರೆ ಮನೆಯವರು ಬಾಯಿ ಬಿಡದಿರುವಾಗ ತಾನು ಹೇಗೆ ಕೇಳಲಿ ಎಂದು ಸುಮ್ಮನಾಗುತ್ತಾನೆ. ಎರಡೂ ಕಡೆ ಒಳಗೊಳಗೇ ಬೇಯುತ್ತಾರೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ, ಸರಿ. ಈ ಒಂಟಿತನಕ್ಕೆ ಯಾವ ಕಾರ್ಡೂ ಇಲ್ಲ.

ಎಲ್ಲವನ್ನೂ ಒಂದೇ ಸಲ ಮುಖಕ್ಕೆ ಹೇಳಿಬಿಡಿ ಎನ್ನುತ್ತಿಲ್ಲ. "ನಿಮ್ಮ ಕಾಯಿಲೆ ಬಗ್ಗೆ ಎಷ್ಟು ತಿಳಕೊಬೇಕು ಅಂತೀರಿ?" ಎಂದು ವೈದ್ಯರು ಅವನನ್ನೇ ಕೇಳಲಿ. "ನನ್ನ ಮಗನಿಗೆ ಹೇಳಿ ಸಾಕು" ಎಂದರೆ ಅದೂ ಅವನ ಹಕ್ಕೇ. ಕೇಳದೆಯೇ ಫೈಲನ್ನು ಮಗನ ಕೈಗಿಡುವುದನ್ನು ಮಾತ್ರ ಒಪ್ಪಲಾರೆ.

ಗಂಟಲ ಕ್ಯಾನ್ಸರಿನಲ್ಲಿ ಧ್ವನಿಪೆಟ್ಟಿಗೆ ತೆಗೆಯುವ ಆಪರೇಷನ್ನಿನ ವಿಷಯಕ್ಕೆ ಬಂದರೆ ನನ್ನ ಆಕ್ಷೇಪ ಸಿಟ್ಟಾಗುತ್ತದೆ. ಮಗ ಹಾಕಿದ ಸಹಿಯ ಮೇಲೆ ಅಪ್ಪನ ಮಾತು ಹೋಗುವುದು ಎಂಥ ನ್ಯಾಯ? ಆಮೇಲೂ ಮಾತಾಡಲು ದಾರಿಗಳಿವೆ. ಬೆಂಗಳೂರಿನ ವೈದ್ಯ ವಿಶಾಲ್ ರಾವ್, ಶಶಾಂಕ್ ಮಹೇಶ್ ಜೊತೆ ಸೇರಿ 50 ರೂಪಾಯಿಯ 'ಓಂ' ಧ್ವನಿ ಸಾಧನವನ್ನೇ ರೂಪಿಸಿದರು. ಇದನ್ನೆಲ್ಲ ವಿಚಾರಿಸಿಕೊಳ್ಳಲು ಅವನಿಗೆ ಆಪರೇಷನ್ನಿಗೆ ಮೊದಲೇ ಅವಕಾಶ ಬೇಕು. ಹೊಲದ ಪಾಲು, ಕೈಸಾಲದ ಲೆಕ್ಕ, ಮಗಳ ಮದುವೆ ಎಂದು ತನ್ನದೇ ದನಿಯಲ್ಲಿ ಹೇಳಬೇಕಾದ್ದೂ ಅವನಿಗೆ ಬೇಕಾದಷ್ಟಿರುತ್ತದೆ.