ಅರವತ್ತು ನಿಮಿಷ ಸಾಕು

ದಸರಾ ರಜೆಯಲ್ಲಿ ಆಡಬಹುದಾದ ದೊಡ್ಡ ಗೇಮ್‌ಗಳ ಪಟ್ಟಿ ಕೊಡುತ್ತೇನೆಂದು ಕಳೆದ ವಾರ ಹೇಳಿದ್ದೆ. ಪಟ್ಟಿ ಸಿದ್ಧವಿದೆ, ಆದರೆ ಈ ವಾರ ಅದನ್ನು ಕೊಡುತ್ತಿಲ್ಲ. ಓದುಗರು ಬರೆದ ಪತ್ರಗಳಲ್ಲಿ ಕಥೆ ಹೇಗಿದೆ, ಬರೆದವರು ಯಾರು, ಆಡುತ್ತ ಹೋದಂತೆ ಬೇಸರವಾಗುತ್ತದೆಯೇ ಎಂದು ಕೇಳಿದವರು ವಿರಳ. ಬಹುತೇಕರದು ಒಂದೇ ಪ್ರಶ್ನೆ: ‘ಎಷ್ಟು ಗಂಟೆ ಬರುತ್ತೆ ಸರ್?’ ಮೊದಲು ಈ ಪ್ರಶ್ನೆ ಇತ್ಯರ್ಥವಾಗಲಿ, ಪಟ್ಟಿ ಆಮೇಲೆ.

ಪ್ರಶ್ನೆಯ ಹಿಂದಿನ ಸಂಕಟ ನನಗೆ ಗೊತ್ತು. ಹೊಸ ಪಿಎಸ್5 ಗೇಮ್ ಒಂದಕ್ಕೆ ಐದು ಸಾವಿರ ರೂಪಾಯಿಯ ಹತ್ತಿರ ತೆರಬೇಕು. ವಿದ್ಯಾರ್ಥಿಯೊಬ್ಬ ತಿಂಗಳುಗಟ್ಟಲೆ ದುಡ್ಡು ಕೂಡಿಟ್ಟು ಕೊಂಡ ಗೇಮ್ ಶನಿವಾರ ಶುರುವಾಗಿ ಭಾನುವಾರ ಮುಗಿದರೆ ಅವನಿಗೆ ನೋವಾಗುವುದು ಸಹಜ. ಅವನ ಮೇಲೆ ನನ್ನ ತಕರಾರಿಲ್ಲ. ಆ ಲೆಕ್ಕವನ್ನೇ ವಿಮರ್ಶೆಯೆಂದು ಮಾಡಿಕೊಂಡವರ ಮೇಲೆ ತಕರಾರಿದೆ. ಬೆಲೆಯನ್ನು ಗಂಟೆಗಳಿಂದ ಭಾಗಿಸಿ, ಬಂದ ಉತ್ತರ ನೋಡಿ ಅಂಕ ಕೊಡುವ ಈ ಪಂಥ ಯೂಟ್ಯೂಬ್‌ನಲ್ಲಿ ಬೆಳೆದು ಗೇಮ್ ಮಾಡುವವರ ತಲೆಯೊಳಗೂ ಹೊಕ್ಕಿದೆ.

2022ರ ಜನವರಿಯನ್ನು ನೆನಪಿಸಿಕೊಳ್ಳಿ. ಪೋಲೆಂಡಿನ ಟೆಕ್‌ಲ್ಯಾಂಡ್ ಕಂಪನಿ ತನ್ನ ‘ಡೈಯಿಂಗ್ ಲೈಟ್ 2’ ಬಿಡುಗಡೆಗೆ ಕೆಲವೇ ವಾರಗಳಿರುವಾಗ, ಅದನ್ನು ಪೂರ್ತಿ ಮುಗಿಸಲು ಕನಿಷ್ಠ 500 ಗಂಟೆ ಬೇಕು, ವಾರ್ಸಾದಿಂದ ಮ್ಯಾಡ್ರಿಡ್‌ಗೆ ನಡೆದು ಹೋಗಲು ಹಿಡಿಯುವಷ್ಟು ಹೊತ್ತು ಎಂದು ಸಾರಿತು. ಆಟಗಾರರು ಹೌಹಾರಿದರು. ಕೂಡಲೇ ತಿದ್ದುಪಡಿ ಬಂತು: ಮುಖ್ಯ ಕಥೆ 20 ಗಂಟೆ, ಸೈಡ್ ಕ್ವೆಸ್ಟ್‌ಗಳೂ ಸೇರಿದರೆ 80. ತಿದ್ದುಪಡಿ ಸರಿಯೇ. ಆದರೆ ಕಥೆ 20 ಗಂಟೆಯದೆಂಬ ಮಾತು ಜಾಹೀರಾತಿನಲ್ಲಿ ಮೊದಲು ಬರದೆ, ಜನ ಗದರಿದ ಮೇಲೆ ಬಂತಲ್ಲ, ಅದು ನನ್ನನ್ನು ಕಾಡಿತು.

ಇದಕ್ಕೆ ತದ್ವಿರುದ್ಧವಾದದ್ದು 2015ರ ‘ದಿ ಆರ್ಡರ್: 1886’. ಬಿಡುಗಡೆಗೂ ಮುನ್ನವೇ ಅದು ಐದಾರು ಗಂಟೆಯಲ್ಲಿ ಮುಗಿಯುತ್ತದೆಂಬ ಸುದ್ದಿ ಹಬ್ಬಿ, ಗಂಟೆ ಲೆಕ್ಕದವರು ಆಡುವ ಮೊದಲೇ ತೀರ್ಪು ಬರೆದರು. ಆ ತೀರ್ಪನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ. ಅದರ ದೋಷಗಳು ಬೇರೆ. ವಿಕ್ಟೋರಿಯಾ ಕಾಲದ ಲಂಡನ್ನನ್ನು ಅಷ್ಟು ಸೊಗಸಾಗಿ ಕಟ್ಟಿ, ಅಲ್ಲಿ ನಮ್ಮ ಕೈಗೆ ಕೆಲಸವನ್ನೇ ಕೊಡದೆ ಕಟ್‌ಸೀನ್ ಮೇಲೆ ಕಟ್‌ಸೀನ್ ತೋರಿಸಿತು. ಆಗಲೇ ಒಮ್ಮೆ ಆಡಿಸಿದ ಕಾಳಗವನ್ನೇ ಕೊನೆಯಲ್ಲಿ ಮತ್ತೆ ಆಡಿಸಿತು. ಕಥೆಯನ್ನು ನಡುನೀರಿನಲ್ಲಿ ಬಿಟ್ಟು ಪರದೆ ಎಳೆಯಿತು. ಅದನ್ನೇ ಮೂವತ್ತು ಗಂಟೆಗೆ ಹಿಗ್ಗಿಸಿದ್ದರೆ ಈ ಮೂರೂ ದೋಷಗಳು ಇನ್ನಷ್ಟು ಹಿಗ್ಗುತ್ತಿದ್ದವು.

ಇಷ್ಟಕ್ಕೆ ಪ್ರಶ್ನೆ ಮುಗಿಸಿ ಪಟ್ಟಿಗೆ ಬರುವವನಿದ್ದೆ. ಆದರೆ ಗಂಟೆಯ ಮಾತು ಬಂದ ಮೇಲೆ ಜೋರ್ಡನ್ ಮೆಕ್ನರ್ ಅವರ ‘ಪ್ರಿನ್ಸ್ ಆಫ್ ಪರ್ಷಿಯಾ’ವನ್ನು ದಾಟಿ ಹೋಗುವುದು ನನ್ನಿಂದಾಗದು. 1989ರಲ್ಲಿ ಆಪಲ್ 2 ಕಂಪ್ಯೂಟರಿಗೆ ಬಂದ ಆಟ ಅದು. ತೊಂಬತ್ತರ ದಶಕದಲ್ಲಿ ಶಾಲೆ, ಕಾಲೇಜಿನ ಕಂಪ್ಯೂಟರ್ ಲ್ಯಾಬ್ ಹೊಕ್ಕ ನಮ್ಮವರಲ್ಲಿ ಅನೇಕರು ಅದರ ಡಾಸ್ ಆವೃತ್ತಿಯನ್ನು ಫ್ಲಾಪಿಯಿಂದ ಫ್ಲಾಪಿಗೆ ಇಳಿಸಿಕೊಂಡು ಆಡಿದವರೇ. ಕಚಕ್ಕನೆ ಮುಚ್ಚುವ ಬ್ಲೇಡುಗಳು, ಕಾಲಿಟ್ಟರೆ ಕಳಚಿ ಬೀಳುವ ಹಾಸುಗಲ್ಲುಗಳು ಅವರಿಗೆ ಮರೆತಿರಲಾರವು. ಆದರೆ ಅದು ಎಂಥ ಕಥೆ ಎಂಬುದು ಆ ವಯಸ್ಸಿನಲ್ಲಿ ಎಷ್ಟು ಜನರ ಗಮನಕ್ಕೆ ಬಂದಿತ್ತೋ.

ಸುಲ್ತಾನ ಯುದ್ಧಕ್ಕೆಂದು ದೂರ ಹೋಗಿದ್ದಾನೆ. ವಜೀರ ಜಾಫರ್ ಅಧಿಕಾರ ಕಿತ್ತುಕೊಂಡು ರಾಜಕುಮಾರಿಯ ಮುಂದೆ ಮರಳುಗಡಿಯಾರ ಇಟ್ಟಿದ್ದಾನೆ. ಒಂದು ಗಂಟೆಯೊಳಗೆ ಅವನನ್ನು ಮದುವೆಯಾಗಲು ಒಪ್ಪಬೇಕು, ಇಲ್ಲವೇ ಸಾಯಬೇಕು. ಅವಳು ಒಲಿದವನು ನೆಲಮಾಳಿಗೆಯ ಸೆರೆಯಲ್ಲಿ ಬರಿಗೈಯಲ್ಲಿದ್ದಾನೆ. ಕತ್ತಿಯನ್ನೂ ಅವನೇ ಹುಡುಕಿಕೊಳ್ಳಬೇಕು. ಉಳಿದಿರುವುದು 60 ನಿಮಿಷ ಎಂದು ಪರದೆ ಹೇಳುತ್ತದೆ. ಆ 60 ನಿಮಿಷ ಅವಳದು, ಅವನದು, ಕೀಬೋರ್ಡಿನ ಮುಂದೆ ಕೂತ ನಿಮ್ಮದೂ ಹೌದು. ಗಡಿಯಾರ ನಿಜವಾಗಿ ಓಡುತ್ತದೆ. ಸತ್ತರೆ ಆ ಲೆವೆಲ್ಲಿನ ಶುರುವಿಗೆ ಹೋಗುತ್ತೀರಿ, ಎಷ್ಟು ಸಲ ಬೇಕಾದರೂ ಹೋಗಬಹುದು. ಕಳೆದ ನಿಮಿಷ ಮಾತ್ರ ಹಿಂದಿರುಗುವುದಿಲ್ಲ. ಕಥೆಯ ಹೊತ್ತೂ ಆಟದ ಹೊತ್ತೂ ಹೀಗೆ ಒಂದಕ್ಕೊಂದು ಬೆಸೆದುಕೊಂಡ ಇನ್ನೊಂದು ಆಟ ಆ ಕಾಲದಲ್ಲಿ ನನಗೆ ಸಿಕ್ಕಿಲ್ಲ.

ನಾಲ್ಕನೆಯ ಲೆವೆಲ್ಲಿನಲ್ಲಿ ಕನ್ನಡಿಯೊಂದು ದಾರಿಗೆ ಅಡ್ಡ ನಿಲ್ಲುತ್ತದೆ. ಓಡಿ ಬಂದು ಅದರೊಳಗಿಂದಲೇ ಹಾರಬೇಕು, ಬೇರೆ ದಾರಿಯಿಲ್ಲ. ಹಾರಿದ ಕ್ಷಣ ನಿಮ್ಮದೇ ನೆರಳು ಎದುರು ದಿಕ್ಕಿಗೆ ಜಿಗಿದು ಓಡಿಹೋಗುತ್ತದೆ. ನಿಮ್ಮ ಜೀವದಲ್ಲಿ ಉಳಿಯುವುದು ಒಂದೇ ಗುಟುಕು. ಮುಂದಿನ ಲೆವೆಲ್ಲಿನಲ್ಲಿ ನಿಮ್ಮ ಕಣ್ಣೆದುರೇ ಔಷಧಿಯ ಸೀಸೆ ಕುಡಿದು ಹೋಗುವವನು ಅವನೇ. ಅದರ ಮುಂದಿನದರಲ್ಲಿ ನೀವು ತಲುಪುವಷ್ಟರಲ್ಲಿ ಬಾಗಿಲು ಮುಚ್ಚಿ ನಿಮ್ಮನ್ನು ಕೆಳಕ್ಕೆ ಬೀಳಿಸುವವನೂ ಅವನೇ. ಎಂಟನೆಯದರಲ್ಲಿ ದಾರಿ ಪೂರ್ತಿ ಬಂದ್ ಆದಾಗ ರಾಜಕುಮಾರಿ ಕಳಿಸಿದ ಪುಟ್ಟ ಇಲಿಯೊಂದು ಬಂದು ಬಾಗಿಲು ತೆರೆಸುತ್ತದೆ. ಮೇಲೆ ಗೋಪುರದಲ್ಲಿ ಸುಮ್ಮನೆ ಕಾಯುತ್ತಿದ್ದಾಳೆಂದು ನಾವು ತಿಳಿದವಳೂ ತನ್ನ ಕೈಲಾದದ್ದನ್ನು ಮಾಡುತ್ತಿದ್ದಾಳೆ. ಕೊನೆಗೆ ಹನ್ನೆರಡನೆಯದರಲ್ಲಿ ಆ ನೆರಳು ಕತ್ತಿ ಹಿರಿದು ಎದುರು ನಿಲ್ಲುತ್ತದೆ. ಅವನಿಗೆ ಹೊಡೆದಷ್ಟೂ ನಿಮ್ಮ ಜೀವ ಇಳಿಯುತ್ತದೆ, ಅವನನ್ನು ಕೊಂದರೆ ನೀವೂ ಸಾಯುತ್ತೀರಿ. ಗೆಲ್ಲುವ ಬಗೆ ಒಂದೇ: ಕತ್ತಿಯನ್ನು ಒರೆಗೆ ಹಾಕಿ ಅವನತ್ತ ನಡೆಯಬೇಕು. ಇಬ್ಬರೂ ಒಂದಾಗುತ್ತಾರೆ. ಅದಾದ ಮೇಲೆ, ನೆಲವೇ ಇಲ್ಲದಲ್ಲಿ ಹೆಜ್ಜೆಯಿಟ್ಟರೆ ಕಾಲಡಿ ಹಾಸುಗಲ್ಲು ಮೂಡುತ್ತದೆ.

ಈ ನೆರಳು ಹುಟ್ಟಿದ್ದೇ ಜಾಗದ ಅಭಾವದಿಂದ. ಮೆಕ್ನರ್ ತಮ್ಮ ಕಿರಿಯ ಸಹೋದರ ಡೇವಿಡ್ ಓಡುವುದನ್ನು, ಜಿಗಿಯುವುದನ್ನು ವಿಡಿಯೊ ಮಾಡಿ, ಅದರ ಒಂದೊಂದು ಚೌಕಟ್ಟನ್ನೂ ನೋಡಿ ನಾಯಕನ ಚಲನೆಯನ್ನು ಬಿಡಿಸಿದ್ದರು. ಅಷ್ಟು ಚಿತ್ರಗಳೇ ಮೆಮೊರಿಯನ್ನು ತಿಂದಿದ್ದವು, ಇನ್ನೊಂದು ಪಾತ್ರಕ್ಕೆ ಎಡೆಯಿರಲಿಲ್ಲ. ಎದುರಾಳಿ ಬೇಕೇ ಬೇಕೆಂದು ಜತೆಗಿದ್ದವರು ಪಟ್ಟು ಹಿಡಿದಾಗ, ನಾಯಕನ ಚಿತ್ರಗಳನ್ನೇ ತುಸು ಬದಲಿಸಿ ನೆರಳಾಗಿಸಿದರು. ಎಡೆ ಇದ್ದಿದ್ದರೆ ಯಾವನೋ ಇನ್ನೊಬ್ಬ ಕಾವಲುಗಾರ ಬರುತ್ತಿದ್ದ, ನಾವು ಅವನನ್ನು ಕೊಂದು ಮರೆಯುತ್ತಿದ್ದೆವು.

ಗಂಟೆ ಎಣಿಸುವವರಿಗೆ ನಾನು ಹೇಳಬೇಕಾದದ್ದು ಈ ‘ಮರೆಯುವ’ ವಿಷಯವನ್ನೇ. ಹನ್ನೆರಡನೆಯ ಲೆವೆಲ್ಲಿನಲ್ಲಿ ಕತ್ತಿ ಒರೆಗೆ ಹಾಕಬೇಕೆಂದು ಯಾರೂ ಹೇಳಿಕೊಡುವುದಿಲ್ಲ. ಕನ್ನಡಿ ನೆನಪಿದ್ದವನಿಗೆ ಮಾತ್ರ ಅದು ಹೊಳೆಯುತ್ತದೆ. ಕನ್ನಡಿ ನೆನಪಿರುವುದು ಅದೇ ಒಂದು ಗಂಟೆಯೊಳಗೆ ಅದನ್ನು ದಾಟಿ ಬಂದಿರುವುದರಿಂದ. ಕಥೆ ನಿಲ್ಲುವುದು ಆಡುವವನ ನೆನಪಿನ ಮೇಲೆ. ಅವನು ಏನನ್ನು, ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬೇಕು ಎಂಬುದನ್ನು ಯೋಚಿಸಿ ಉದ್ದ ಗೊತ್ತುಮಾಡಿದ ಆಟ ಒಂದು ಗಂಟೆಯದಾದರೂ ಸರಿ, ನೂರು ಗಂಟೆಯದಾದರೂ ಸರಿ.

ಇದೇ ಪ್ರಿನ್ಸ್ ವಂಶ ಮುಂದೆ ಎಲ್ಲಿಗೆ ಮುಟ್ಟಿತು ನೋಡಿ. 2003ರಲ್ಲಿ ಯೂಬಿಸಾಫ್ಟ್‌ನ ಮಾಂಟ್ರಿಯಲ್ ತಂಡ ‘ದಿ ಸ್ಯಾಂಡ್ಸ್ ಆಫ್ ಟೈಮ್’ ಮಾಡಿತು, ಅದರ ಕಥೆಯೂ ಮೆಕ್ನರ್ ಅವರದೇ. ಇಡೀ ಆಟ ರಾಜಕುಮಾರ ಹೇಳುತ್ತಿರುವ ಕಥೆ. ನೀವು ಸತ್ತರೆ, ಅದು ಹಾಗೆ ನಡೆಯಲಿಲ್ಲ ಎಂದು ತನ್ನ ಮಾತನ್ನು ತಾನೇ ತಿದ್ದಿಕೊಳ್ಳುತ್ತಾನೆ. ಅದರ ಮುಂದುವರಿಕೆಗೆಂದು ಹೊರಟ ಕೆಲಸವೇ ದಿಕ್ಕು ಬದಲಿಸಿ 2007ರ ‘ಅಸ್ಸಾಸಿನ್ಸ್ ಕ್ರೀಡ್’ ಆಯಿತು. ಅಲ್ಲಿಂದ 2020ರ ‘ವಲ್ಹಾಲಾ’ಕ್ಕೆ ಬರುವಷ್ಟರಲ್ಲಿ ಮುಖ್ಯ ಕಥೆಗೇ 60 ಗಂಟೆಯ ಆಸುಪಾಸು ಬೇಕಾಯಿತು. ನಿಮಿಷದ ಜಾಗದಲ್ಲಿ ಗಂಟೆ ಬಂದು ಕೂತಿತು.

‘ವಲ್ಹಾಲಾ’ದ ಒಡಲಲ್ಲಿ ಒಳ್ಳೆಯ ಕಥೆಯೊಂದಿದೆ. ನಾರ್ವೆಯಿಂದ ಇಂಗ್ಲೆಂಡಿಗೆ ಬಂದು ನೆಲೆಯೂರುವ ಐವೋರ್ ಮತ್ತು ಸಿಗರ್ಡ್ ಎಂಬ ಇಬ್ಬರ ನಂಟಿನ ಕಥೆ ಅದು. ಸಿಗರ್ಡ್ ಸೆರೆಸಿಕ್ಕಿ, ಚಿತ್ರಹಿಂಸೆ ಉಂಡು, ಬೇರೆಯೇ ಮನುಷ್ಯನಾಗಿ ಮರಳುತ್ತಾನೆ. ಎದೆ ಹಿಂಡಬೇಕಾದ ಜಾಗ ಅದು. ಆದರೆ ಅವನಿಂದ ಅಗಲಿ ಮತ್ತೆ ಅವನನ್ನು ಕಾಣುವ ನಡುವೆ ನಾವು ಒಂದಾದ ಮೇಲೊಂದು ಸೀಮೆಗೆ ಹೋಗಿ, ಅಲ್ಲಿನ ಪಾಳೆಯಗಾರನ ಜಗಳ ಬಿಡಿಸಿ, ಕೋಟೆಗೆ ಲಗ್ಗೆಯಿಟ್ಟು, ಮೈತ್ರಿ ಮಾಡಿಕೊಂಡು ಬರುತ್ತಿರುತ್ತೇವೆ. ಸಂಜೆ ಕೆಲಸ ಮುಗಿಸಿ ದಿನಕ್ಕೊಂದು ಗಂಟೆ ಆಡುವವನಿಗೆ ಆ ಅಗಲಿಕೆ ವಾರಗಳಷ್ಟು ಹಳೆಯದು. ಸಿಗರ್ಡ್ ಎದುರು ಬಂದು ನಿಂತಾಗ ಅವನ ಮೇಲಿದ್ದ ಅಕ್ಕರೆ ಆರಿಹೋಗಿರುತ್ತದೆ. ಬರೆದವರ ಶ್ರಮ ಮಣ್ಣುಪಾಲಾಗುವುದು ಹೀಗೆ, ಮತ್ತು ಅದಕ್ಕೆ ಅವರು ಕಾರಣರಲ್ಲ. ಕಂಪನಿಗೂ ಇದು ತಿಳಿಯದೆ ಇರಲಿಲ್ಲ. ‘ವಲ್ಹಾಲಾ’ಕ್ಕೆ ಬಾಲವಾಗಿ ಶುರುವಾದ ಕೆಲಸವನ್ನೇ ಬೇರೆ ಮಾಡಿ 2023ರಲ್ಲಿ ‘ಮಿರಾಜ್’ ತಂದಿತು. ಒಂದೇ ಬಾಗ್ದಾದ್ ನಗರ, ಕಡಿಮೆ ಬೆಲೆ, ‘ವಲ್ಹಾಲಾ’ದ ಕಾಲು ಭಾಗದಷ್ಟು ಉದ್ದ. ಪ್ಲೇಸ್ಟೇಷನ್‌ನ ಹಿರಿಯ ಅಧಿಕಾರಿಯಾಗಿದ್ದ ಶಾನ್ ಲೇಡನ್ ಆ ಹುದ್ದೆ ಬಿಟ್ಟ ಮೇಲೆ, 2020ರಲ್ಲೇ, ದೊಡ್ಡ ಆಟಗಳು 12–15 ಗಂಟೆಗೆ ಮರಳಿದರೆ ತಮಗೆ ಸಂತೋಷ ಎಂದಿದ್ದರು. ಅವರ ಚಿಂತೆ ಏರುತ್ತಿರುವ ಖರ್ಚಿನದು, ನನ್ನದು ಕಥೆಯದು. ಇಬ್ಬರೂ ಒಂದೇ ಜಾಗಕ್ಕೆ ಬಂದು ಮುಟ್ಟುತ್ತೇವೆ.

‘ಹಾಗಾದರೆ ದೀರ್ಘವಾದದ್ದೆಲ್ಲ ಕೆಟ್ಟದ್ದೇ? ರಾತ್ರಿಯಿಡೀ ಬಯಲಾಟ ನೋಡಿದ ನಾಡು ನಮ್ಮದು’ ಎಂದು ಕರಾವಳಿಯ ಓದುಗರು ಕೇಳಬಹುದು. ಬೆಳಗಿನ ಮಂಗಳದವರೆಗೆ ಕೂರುವ ಆ ಸುಖ ದೊಡ್ಡದು. ಕಾಲಮಿತಿ ಬಂದ ಮೇಲೆ ಒಡ್ಡೋಲಗದ ವೈಭವ ಮೊಟಕಾಯಿತೆಂದು ಕೊರಗುವವರ ಜತೆ ನಾನಿದ್ದೇನೆ. ಆದರೆ ಅಲ್ಲಿನ ಪ್ರಸಂಗ ಎಲ್ಲರಿಗೂ ಗೊತ್ತಿದ್ದದ್ದು. ನಡುವೆ ಒಂದು ಜೊಂಪು ಹತ್ತಿ ಎದ್ದವನಿಗೂ ಕರ್ಣ ಯಾರು, ಅವನ ಮೇಲೆ ಯಾವ ಶಾಪವಿದೆ ಎಂದು ಗೊತ್ತಿರುತ್ತದೆ. ಆ ನೆನಪನ್ನು ಪ್ರೇಕ್ಷಕ ಮನೆಯಿಂದಲೇ ತಂದಿರುತ್ತಾನೆ. ಹೊಸ ಗೇಮ್‌ಗೆ ಆ ಬಂಡವಾಳವಿಲ್ಲ, ಎಲ್ಲವನ್ನೂ ಅದೇ ನೆನಪಿನಲ್ಲಿಡಿಸಬೇಕು.

ಉದ್ದವನ್ನು ಬಲ್ಲವರು ಇದ್ದಾರೆ. 2018ರ ‘ರೆಡ್ ಡೆಡ್ ರಿಡೆಂಪ್ಷನ್ 2’ ಆಡದವರು ಈ ಪ್ಯಾರಾ ದಾಟಿ ಮುಂದೆ ಹೋಗಿ. ಎರಡನೆಯ ಅಧ್ಯಾಯದಲ್ಲಿ ಆರ್ಥರ್ ಮಾರ್ಗನ್ ಸಾಲ ವಸೂಲಿಗೆಂದು ಥಾಮಸ್ ಡೌನ್ಸ್ ಎಂಬ ರೋಗಿಷ್ಟ ರೈತನನ್ನು ಬಡಿಯುತ್ತಾನೆ. ರೈತನ ಕೆಮ್ಮಿನ ರಕ್ತ ಆರ್ಥರನ ಮುಖಕ್ಕೆ ಸಿಡಿಯುತ್ತದೆ. ಚಿಲ್ಲರೆ ಕೆಲಸ, ಮುಗಿಸಿ ಕುದುರೆ ಹತ್ತುತ್ತೇವೆ. ಆಮೇಲೆ ಹತ್ತಾರು ಗಂಟೆ ಬೇಟೆ, ಮೀನು, ಇಸ್ಪೀಟು, ರೈಲು ದರೋಡೆ, ಬೆಳೆಯುವ ಗಡ್ಡ. ಆ ರೈತ ನಮಗೆ ಮರೆತೇ ಹೋಗುತ್ತಾನೆ. ಆರ್ಥರನಿಗೂ. ಕೊನೆಯ ಭಾಗದಲ್ಲಿ ಸೇಂಟ್ ಡೆನಿಸ್ ಪೇಟೆಯ ವೈದ್ಯ ಕ್ಷಯ ಎಂದಾಗ ಆ ಮಧ್ಯಾಹ್ನ ಒಮ್ಮೆಲೇ ಎದುರು ಬಂದು ನಿಲ್ಲುತ್ತದೆ. ನಾವು ಮರೆಯಲೇಬೇಕಿತ್ತು, ಅಷ್ಟು ಗಂಟೆಗಳನ್ನು ಹೂಡಿದ್ದೇ ಅದಕ್ಕೆ. ಐದು ಗಂಟೆಯ ಆಟದಲ್ಲಿ ಈ ಪೆಟ್ಟು ಬೀಳುವುದಿಲ್ಲ. ನಡುವಿನ ಗುವಾರ್ಮಾ ದ್ವೀಪದ ಭಾಗ ಇಲ್ಲದಿದ್ದರೆ ಇನ್ನೂ ಚೆನ್ನಾಗಿತ್ತು, ಆದರೆ ಒಟ್ಟು ಉದ್ದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ.

ಇನ್ನೊಂದು ತುದಿಗೆ 2023ರ ‘ವೆನ್ಬಾ’ ಇದೆ. 1980ರ ದಶಕದ ಕೊನೆಯಲ್ಲಿ ತಮಿಳುನಾಡಿನಿಂದ ಕೆನಡಾಕ್ಕೆ ಹೋದ ದಂಪತಿ ಮತ್ತು ಅಲ್ಲೇ ಬೆಳೆಯುವ ಮಗ ಕವಿನ್‌ನ ಕಥೆ. ಮಾಡಿದ್ದು ಟೊರಾಂಟೊದ ವಿಸೈ ಗೇಮ್ಸ್ ಎಂಬ ಪುಟ್ಟ ತಂಡ. ಅಮ್ಮ ಕೊಟ್ಟ ಅಡುಗೆ ಪುಸ್ತಕದ ಪುಟಗಳು ಹರಿದಿವೆ, ಅಕ್ಷರ ಅಳಿಸಿವೆ. ಇಡ್ಲಿ ಪಾತ್ರೆಯ ತಟ್ಟೆಗಳನ್ನು ಹೇಗೆ ಜೋಡಿಸಬೇಕೆಂಬುದೇ ಮೊದಲ ಒಗಟು. ನಮ್ಮಲ್ಲಿ ಬೆಳೆದವರು ಅದನ್ನು ಪುಸ್ತಕ ನೋಡದೆ ಬಿಡಿಸುತ್ತಾರೆ. ಒಂದು ಅಧ್ಯಾಯಕ್ಕೂ ಇನ್ನೊಂದಕ್ಕೂ ನಡುವೆ ವರ್ಷಗಳು ಹಾರುತ್ತವೆ, ಮಗ ದೂರವಾಗುತ್ತ ಹೋಗುತ್ತಾನೆ. ಒಂದೂವರೆ ಗಂಟೆಯೊಳಗೆ ಒಂದು ಸಂಸಾರದ ಹಲವು ದಶಕಗಳು ಮುಗಿಯುತ್ತವೆ. ಬಾಫ್ಟಾ ಅದಕ್ಕೆ 2024ರ ಚೊಚ್ಚಲ ಆಟದ ಪ್ರಶಸ್ತಿ ಕೊಟ್ಟಿತು. ಬಂದಾಗ ‘ಇಷ್ಟು ದುಡ್ಡಿಗೆ ಇಷ್ಟೇನಾ’ ಎಂದವರೂ ಇದ್ದರು. ಇದಕ್ಕೆ ಇನ್ನೂ ಹತ್ತು ಅಡುಗೆ ಸೇರಿಸಿದ್ದರೆ ಲೆಕ್ಕದ ಪಂಥಕ್ಕೆ ಸಮಾಧಾನವಾಗುತ್ತಿತ್ತು, ಆ ತಾಯಿಯ ಒಂಟಿತನ ಅಡುಗೆಗಳ ನಡುವೆ ಕಳೆದುಹೋಗುತ್ತಿತ್ತು.

ಬೆಂಗಳೂರು, ಮೈಸೂರು, ಮಂಗಳೂರಿನಲ್ಲಿ ಗೇಮ್ ಮಾಡಲು ಹೊರಟ ಎಳೆಯರು ಈ ಅಂಕಣ ಓದುತ್ತೀರೆಂದು ನನಗೆ ಗೊತ್ತು. ಓಪನ್ ವರ್ಲ್ಡ್ ಕಟ್ಟಬೇಕು, 40 ಗಂಟೆ ತುಂಬಬೇಕು ಎಂಬ ಆಸೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೆಕ್ನರ್ ಅವರಿಗೆ ಒಂದು ಗಂಟೆ ಸಾಕಾಗಿತ್ತು, ಟೊರಾಂಟೊದ ತಂಡಕ್ಕೆ ಒಂದೂವರೆ. ಕನ್ನಡದಲ್ಲಿ ಮಾತಾಡುವ, ಒಮ್ಮೆ ಕೂತರೆ ಮುಗಿಯುವ ಒಂದು ಆಟ ಮಾಡಿ ನನಗೆ ಕಳಿಸಿ. ಅದರ ಬಗ್ಗೆ ಇಡೀ ಅಂಕಣ ಬರೆಯುತ್ತೇನೆ. ರಜೆಯ ಪಟ್ಟಿ ಮುಂದಿನ ವಾರ.