ಗಿಡಕ್ಕೊಂದು ದೀಪ: ಬಣ್ಣಕ್ಕಿಂತ ಲೆಕ್ಕ ಮುಖ್ಯ

ಮನೆಯೊಳಗಿನ ಕುಂಡಗಳಿಗೆಂದೇ ಮಾರುವ ದೀಪದ ಪೆಟ್ಟಿಗೆಯೊಂದನ್ನು ಕೈಗೆತ್ತಿಕೊಂಡು ನೋಡಿ. ಎರಡು ದಿಬ್ಬಗಳುಳ್ಳ ನಕ್ಷೆಯೊಂದು ಅದರ ಮೇಲೆ ಮುದ್ರಿತವಾಗಿರುವುದುಂಟು. ಒಂದು ದಿಬ್ಬ ನೀಲಿಯಲ್ಲಿ, ಇನ್ನೊಂದು ಕೆಂಪಿನಲ್ಲಿ. ನಡುವೆ ಹಸಿರಿನ ಜಾಗದಲ್ಲಿ ಆಳವಾದ ತಗ್ಗು. ಗಿಡಕ್ಕೆ ಬೇಕಾದದ್ದು ಇವೆರಡೇ ಬಣ್ಣ, ಉಳಿದದ್ದು ವ್ಯರ್ಥ ಎಂಬುದು ಅದರ ಸಂದೇಶ. ಆದ್ದರಿಂದಲೇ ಆ ದೀಪ ನೇರಳೆ ಬೆಳಕು ಚೆಲ್ಲುತ್ತದೆ.

ಈ ನಕ್ಷೆ ನಿಮಗೆ ಹೊಸದಲ್ಲ. ದ್ಯುತಿಸಂಶ್ಲೇಷಣೆಯ ಪಾಠದಲ್ಲಿ ನಾವು ಕಪ್ಪು ಹಲಗೆಯ ಮೇಲೆ ಬರೆಯುವ, ವಿದ್ಯಾರ್ಥಿಗಳು ನಕಲು ಮಾಡಿಕೊಳ್ಳುವ ಚಿತ್ರವೇ ಅದು. ವ್ಯಾಪಾರಿ ಹೇಳುತ್ತಿರುವುದು ನಾವು ಕಲಿಸಿದ್ದನ್ನೇ. ಹಾಗಾಗಿ ದೀಪವನ್ನು ಟೀಕಿಸುವ ಮೊದಲು ನಮ್ಮ ಪಾಠವನ್ನು ಪರಿಶೀಲಿಸಬೇಕು.

ನಕ್ಷೆ ಸುಳ್ಳಲ್ಲ. ಆದರೆ ಅದು ಯಾವುದರ ನಕ್ಷೆ? ಎಲೆಯನ್ನು ಅರೆದು, ಅಸಿಟೋನ್‌ನಂಥ ದ್ರಾವಕದಲ್ಲಿ ಪತ್ರಹರಿತ್ತನ್ನು ಕರಗಿಸಿ, ಆ ದ್ರಾವಣ ಯಾವ ಬೆಳಕನ್ನು ಎಷ್ಟು ಹೀರುತ್ತದೆಂದು ಅಳೆದಾಗ ದೊರೆಯುವ ರೋಹಿತ ಅದು. ಕುಂಡದಲ್ಲಿರುವುದು ದ್ರಾವಣವಲ್ಲ, ಎಲೆ. ಎಲೆಯೊಳಗೆ ಕೋಶಗಳೂ ಗಾಳಿಯ ಎಡೆಗಳೂ ಇವೆ. ಒಳಹೊಕ್ಕ ಬೆಳಕು ಇವುಗಳ ನಡುವೆ ಚದುರಿ ಚದುರಿ ಪತ್ರಹರಿತ್ತನ್ನು ಮತ್ತೆ ಮತ್ತೆ ಸಂಧಿಸುತ್ತದೆ. ಪ್ರತಿ ಬಾರಿಯೂ ಹಸಿರು ಬೆಳಕು ಸ್ವಲ್ಪಸ್ವಲ್ಪವೇ ಹೀರಲ್ಪಟ್ಟರೂ ಒಟ್ಟು ಮೊತ್ತ ದೊಡ್ಡದಾಗುತ್ತದೆ. ಸಾಮಾನ್ಯ ಹಸಿರೆಲೆ ಕೆಂಪು ಮತ್ತು ನೀಲಿ ಬೆಳಕಿನಲ್ಲಿ ಸುಮಾರು ಶೇಕಡಾ 90ರಷ್ಟನ್ನು ಹೀರಿದರೆ, ಹಸಿರಿನಲ್ಲಿಯೂ ಶೇಕಡಾ 70ಕ್ಕಿಂತ ಹೆಚ್ಚನ್ನು ಹೀರುತ್ತದೆ. ಉಳಿದ ಪಾಲು ಹಸಿರಿನಲ್ಲಿ ತುಸು ಹೆಚ್ಚಾದ್ದರಿಂದ, ನಮ್ಮ ಕಣ್ಣೂ ಹಸಿರಿಗೇ ಹೆಚ್ಚು ಸಂವೇದನಶೀಲವಾದ್ದರಿಂದ, ಎಲೆ ಹಸಿರಾಗಿ ಕಾಣುತ್ತದೆ.

ಎಂಗೆಲ್‌ಮನ್‌ನ ಪ್ರಯೋಗ ಏನಾಯಿತು ಎಂದು ನೀವು ಕೇಳಬಹುದು. ಆ ಜರ್ಮನ್ ವಿಜ್ಞಾನಿ 1882ರಲ್ಲಿ ಪಟ್ಟಕದಿಂದ ಒಡೆದ ಬೆಳಕನ್ನು ಶೈವಲದ ಎಳೆಯ ಮೇಲೆ ಹಾಯಿಸಿದ. ಆಮ್ಲಜನಕವನ್ನು ಅರಸುವ ಬ್ಯಾಕ್ಟೀರಿಯಗಳು ಕೆಂಪು ಮತ್ತು ನೀಲಿ ಬಿದ್ದ ಕಡೆ ಗುಂಪುಗೂಡಿದವು. ಪ್ರಯೋಗ ಅಪ್ರತಿಮವಾದದ್ದೇ. ಆದರೆ ಕೂದಲಿನಂಥ ಶೈವಲದ ಎಳೆಗೂ ಹಲವು ಪದರಗಳ ಎಲೆಗೂ ವ್ಯತ್ಯಾಸವಿದೆ. 1972ರಲ್ಲಿ ಅಮೆರಿಕದ ಕೀತ್ ಮೆಕ್‌ಕ್ರೀ 22 ಬಗೆಯ ಬೆಳೆಗಳ ಎಲೆಗಳನ್ನೇ ಅಳೆದು ಪ್ರಕಟಿಸಿದ ಕ್ರಿಯಾ ರೋಹಿತದಲ್ಲಿ ಹಸಿರಿನ ತಗ್ಗು ಬಹುಮಟ್ಟಿಗೆ ತುಂಬಿಹೋಗಿದೆ. 2009ರಲ್ಲಿ ಜಪಾನಿನ ಇಚಿರೊ ತೆರಾಶಿಮಾ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಪ್ರಬಲವಾದ ಬಿಳಿ ಬೆಳಕಿನಲ್ಲಿರುವ ಸೂರ್ಯಕಾಂತಿ ಎಲೆಗೆ ಹೆಚ್ಚುವರಿಯಾಗಿ ಕೊಟ್ಟ ಹಸಿರು, ಕೆಂಪಿಗಿಂತ ಹೆಚ್ಚು ಫಲಕಾರಿ ಎಂದು ತೋರಿಸಿದರು. ಮೇಲ್ಪದರ ತೃಪ್ತವಾದಾಗ ಆಳಕ್ಕಿಳಿಯಬಲ್ಲದ್ದು ಹಸಿರೇ.

ಶಾಲೆಗಳಲ್ಲಿ ಮಾಡಿಸುವ ಬಣ್ಣದ ಹಾಳೆಯ ಪ್ರಯೋಗಕ್ಕೂ ಇದೇ ಆಕ್ಷೇಪ ಅನ್ವಯಿಸುತ್ತದೆ. ಕೆಂಪು, ನೀಲಿ, ಹಸಿರು ಪಾರದರ್ಶಕ ಹಾಳೆಗಳನ್ನು ಸಸಿಗಳಿಗೆ ಮುಚ್ಚಿ, ಹಸಿರಿನಡಿ ಗಿಡ ಸೊರಗಿತು ಎಂದು ಬರೆಸುತ್ತೇವೆ. ಮೂರು ಹಾಳೆಗಳೂ ಒಂದೇ ಪ್ರಮಾಣದ ಬೆಳಕನ್ನು ಬಿಟ್ಟವೇ? ಅದನ್ನು ಅಳೆಯದಿದ್ದರೆ, ಸೊರಗಿದ್ದು ಬಣ್ಣದಿಂದಲೋ ಕತ್ತಲಿನಿಂದಲೋ ಹೇಳಲಾಗದು.

ಹಾಗೆಂದು ನೇರಳೆ ದೀಪ ಮೋಸವೆಂದು ತೀರ್ಮಾನಿಸಬೇಡಿ. ಅದರ ಸಮರ್ಥನೆ ಇರುವುದು ಭೌತವಿಜ್ಞಾನದಲ್ಲಿ. ಒಂದು ಜೂಲ್ ಶಕ್ತಿಯಿಂದ 450 ನ್ಯಾನೊಮೀಟರಿನ ನೀಲಿ ಫೋಟಾನುಗಳು ಹೆಚ್ಚೆಂದರೆ 3.8 ಮೈಕ್ರೊಮೋಲ್ ದೊರೆತರೆ, 660 ನ್ಯಾನೊಮೀಟರಿನ ಕೆಂಪು ಫೋಟಾನುಗಳು 5.5 ಮೈಕ್ರೊಮೋಲ್ ದೊರೆಯುತ್ತವೆ. ಸಾವಿರಾರು ದೀಪ ಉರಿಸುವ ಸೊಪ್ಪಿನ ಕಾರ್ಖಾನೆಗೆ ಈ ಉಳಿತಾಯ ದೊಡ್ಡದು. ಎರಡು ಕುಂಡಗಳಿರುವ ಮನೆಗೆ ಅಲ್ಲ. ಅಲ್ಲದೆ ನೇರಳೆ ಬೆಳಕಿನಲ್ಲಿ ಎಲೆ ಕಪ್ಪಾಗಿ ಕಾಣುವುದರಿಂದ ಹಳದಿಯಾದದ್ದು, ಕೀಟ ತಗುಲಿದ್ದು ತಿಳಿಯುವುದೇ ಇಲ್ಲ. ಸಾಧಾರಣ ಬಿಳಿ ಎಲ್‌ಇಡಿ ಎಂದರೆ ಫಾಸ್ಫರ್ ಲೇಪಿಸಿದ ನೀಲಿ ಎಲ್‌ಇಡಿ. ಅದರಲ್ಲಿ ನೀಲಿ, ಹಸಿರು, ಕೆಂಪು ಮೂರೂ ಇವೆ. ಗಿಡಕ್ಕೆ ಅದು ಸಾಕು.

ಹಾಗಾದರೆ ದೀಪವನ್ನು ಯಾವುದರಿಂದ ಅಳೆಯಬೇಕು? ವ್ಯಾಟ್ ಹೇಳುವುದು ದೀಪ ನುಂಗುವ ವಿದ್ಯುತ್ತನ್ನು, ಕೊಡುವ ಬೆಳಕನ್ನಲ್ಲ. ಲ್ಯೂಮೆನ್ ನಮ್ಮ ಕಣ್ಣಿಗೆ ಹೊಂದಿಸಿದ ಮಾನ. ಕೆಂಪು, ನೀಲಿಗಳಿಗೆ ಅದು ಕಡಿಮೆ ಬೆಲೆ ಕಟ್ಟುತ್ತದೆ. ಗಿಡದ ಲೆಕ್ಕಕ್ಕೆ ಬೇಕಾದದ್ದು 400ರಿಂದ 700 ನ್ಯಾನೊಮೀಟರ್ ನಡುವಿನ ಫೋಟಾನುಗಳ ಸಂಖ್ಯೆ. ಅದೂ ದೀಪದ ಬಾಯಲ್ಲಿ ಅಲ್ಲ, ಎಲೆಯ ಮೇಲೆ.

ಲೆಕ್ಕವೊಂದನ್ನು ಮಾಡೋಣ. 20 ವ್ಯಾಟಿನ ಬಿಳಿ ಎಲ್‌ಇಡಿ ಟ್ಯೂಬೊಂದು 2000 ಲ್ಯೂಮೆನ್ ಕೊಡುತ್ತದೆನ್ನಿ. ಬಿಳಿ ಎಲ್‌ಇಡಿಗೆ ಸುಮಾರು 70 ಲ್ಯೂಮೆನ್ನಿಗೆ ಸೆಕೆಂಡಿಗೆ ಒಂದು ಮೈಕ್ರೊಮೋಲ್ ಎಂದು ಹಿಡಿದರೆ 28 ಮೈಕ್ರೊಮೋಲ್ ಆಯಿತು. ಅದರಲ್ಲಿ ಮೂರನೇ ಒಂದು ಭಾಗ ಆಚೀಚೆ ಚೆಲ್ಲಿಹೋಗಿ, ಉಳಿದದ್ದು 120 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ಹಲಗೆಯ ಮೇಲೆ ಬಿದ್ದರೆ, ಚದರ ಮೀಟರಿಗೆ ಸೆಕೆಂಡಿಗೆ ಸುಮಾರು 50 ಮೈಕ್ರೊಮೋಲ್. ದಿನಕ್ಕೆ 14 ಗಂಟೆ ಉರಿಸಿದರೆ 2.5 ಮೋಲ್. ನೆರಳನ್ನು ಸಹಿಸುವ ಮನಿ ಪ್ಲಾಂಟ್ ಇದರಲ್ಲಿ ಬದುಕುತ್ತದೆ. ಲೆಟ್ಯೂಸ್‌ನಂಥ ಸೊಪ್ಪು ಚೆನ್ನಾಗಿ ಬೆಳೆಯಲು 12 ಮೋಲ್ ಅಥವಾ ಹೆಚ್ಚು ಬೇಕು, ಅಂದರೆ ಅಂಥ ಐದು ಟ್ಯೂಬುಗಳು. ನಡುಹಗಲ ನೇರ ಬಿಸಿಲಾದರೋ ಸೆಕೆಂಡಿಗೆ ಸುಮಾರು 2000 ಮೈಕ್ರೊಮೋಲ್! ನಡುಮನೆಯ ತುಳಸಿ ಒಂದು ಬಲ್ಬಿನಡಿ ಏಕೆ ಬಡಕಲಾಗುತ್ತದೆ ಎಂಬುದಕ್ಕೆ ಬಣ್ಣದ ವಿವರಣೆ ಬೇಕಿಲ್ಲ. ಅದನ್ನು ಕಿಟಕಿಯ ಬಳಿಗೋ ಅಂಗಳಕ್ಕೋ ಒಯ್ಯಿರಿ.

ದೀಪ ಕೊಳ್ಳುವಾಗ ಅದರ ಫೋಟಾನು ಲೆಕ್ಕವನ್ನು ಕೇಳಿ. ಸಿಗದಿದ್ದರೆ ಲ್ಯೂಮೆನ್ ನಮೂದಿಸಿದ ಬಿಳಿ ಎಲ್‌ಇಡಿ ಕೊಂಡು ಮೇಲಿನಂತೆ ಲೆಕ್ಕ ಹಾಕಿ. ಗಿಡಕ್ಕೆ ಹತ್ತಿರವಾಗಿ ತೂಗುಹಾಕಿ. ಇನ್ನು ತರಗತಿಯಲ್ಲಿ ಆ ಎರಡು ದಿಬ್ಬಗಳ ಚಿತ್ರ ಬರೆದಾಗ, ಕೆಳಗೆ 'ಇದು ದ್ರಾವಣದಲ್ಲಿರುವ ಪತ್ರಹರಿತ್ತಿನದು' ಎಂದು ಒಂದು ಸಾಲು ಸೇರಿಸಿ, ಪಕ್ಕದಲ್ಲಿ ಎಲೆಯ ರೋಹಿತವನ್ನೂ ಬರೆಯಿರಿ. ಎರಡೂ ಏಕೆ ಬೇರೆಯಾಗಿವೆ ಎಂದು ವಿದ್ಯಾರ್ಥಿಯೊಬ್ಬ ಕೇಳಿದರೆ, ದ್ಯುತಿಸಂಶ್ಲೇಷಣೆಯ ಪಾಠ ಅಲ್ಲಿಂದಲೇ ಆರಂಭವಾಗಲಿ.