ಪೀಪಾಯಿಯ ಕಪ್ಪು, ಅತ್ತಿಬೆಲೆಯ ರಾಗಿ

ಷಿಕಾಗೋದಲ್ಲಿರುವ ತಂಗಿಯ ಮಗ ರಜೆಗೆ ಬಂದವನು ಸ್ವೆಟರುಗಳ ನಡುವೆ ಸುತ್ತಿ ಒಂದು ಬಾಟಲಿ ತಂದಿದ್ದಾನೆ. ಅಲ್ಲಿಯ ಗೂಸ್ ಐಲೆಂಡ್ ಬ್ರೂವರಿಯವರ ಬೂರ್ಬನ್ ಕೌಂಟಿ ಸ್ಟೌಟ್ ಎಂಬ ಕಪ್ಪು ಬಿಯರು. ಅರ್ಧ ಲೀಟರು, ಆಲ್ಕೋಹಾಲು ಹತ್ತಿರ ಹತ್ತಿರ 14%. ಅದನ್ನು ಅತ್ತಿಬೆಲೆಯ ನಮ್ಮ ಮನೆಯ ತಾರಸಿಯಲ್ಲಿ ಮೂವರು ಹಂಚಿಕೊಂಡೆವು. ಒಂದು ಸಂಜೆ ಪೂರ್ತಿ ಹಿಡಿಯಿತು.

ಬಾಟಲಿಯನ್ನು ಫ್ರಿಜ್ಜಿನಿಂದ ಬಹಳ ಮುಂಚೆಯೇ ತೆಗೆದಿಟ್ಟಿದ್ದೆ. ಈ ಜಾತಿಯ ಬಿಯರನ್ನು 12ರಿಂದ 14 ಡಿಗ್ರಿಯಲ್ಲಿ ಕುಡಿಯಬೇಕು ಎಂದು ಈ ಅಂಕಣದಲ್ಲಿ ಹೇಳುತ್ತಲೇ ಬಂದಿದ್ದೇನೆ, ಇನ್ನೂ ಹೇಳುತ್ತೇನೆ. ಸುರಿದಾಗ ಕಾಕಂಬಿಯ ಹಾಗೆ ಸದ್ದಿಲ್ಲದೆ ಇಳಿಯಿತು. ಕಂದು ನೊರೆ ಬೆರಳಗಲ ಎದ್ದು, ನಿಮಿಷದೊಳಗೆ ಲೋಟದ ಅಂಚಿನ ಗೆರೆಯಾಗಿ ಉಳಿಯಿತು. ಮೊದಲ ವಾಸನೆಯೆಲ್ಲ ವಿಸ್ಕಿಯದೇ, ಮೂಗಿಗೆ ಚುರ್ ಎನ್ನುವಷ್ಟು. ಹತ್ತು ನಿಮಿಷ ಬಿಟ್ಟರೆ ಕೊಬ್ಬರಿ, ವೆನಿಲ್ಲಾ. ಇನ್ನೂ ಬಿಟ್ಟರೆ ಖರ್ಜೂರ, ಒಣದ್ರಾಕ್ಷಿ, ಹಿಂದಿನಿಂದ ಹುಣಸೆಯ ಒಂದು ಎಳೆ. ಕಾಫಿ ಹುರಿಯುವ ಕಸುಬಿನ ಗೆಳೆಯ ಕಣ್ಣು ಮುಚ್ಚಿ ಮೂಸಿ, ‘ಇದು ಸೀದ ವಾಸನೆ ಅಲ್ಲ, ಎರಡನೇ ಸಿಡಿತಕ್ಕೆ ತುಸು ಮುಂಚೆ ಇಳಿಸಿದ ಬೀಜದ್ದು’ ಎಂದ. ಕಡುಗಪ್ಪು ಬಿಯರಿಗೆ ನಾನು ಕೇಳಿದ ಅತ್ಯಂತ ಖಚಿತವಾದ ಮಾತು ಇದು. ಕೊನೆಯಲ್ಲಿ ನಾಲಿಗೆಯ ಬದಿಗಳಲ್ಲಿ ಒಗರು ನಿಂತಿತು. ಅದು ಮರದ ಕೊಡುಗೆ.

ಮರದ ವಿಷಯ ಓದುಗರಿಗೆ ಹೊಸದಲ್ಲ. ಅಮೆರಿಕದ ಕಾನೂನಿನ ಪ್ರಕಾರ ಬೂರ್ಬನ್ ವಿಸ್ಕಿಗೆ ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯೇ ಬೇಕು, ಒಮ್ಮೆ ಬಳಸಿದ್ದು ಮತ್ತೆ ಬೂರ್ಬನ್‌ಗೆ ಬಾರದು. ಆದ್ದರಿಂದ ಸುಮಾರು 200 ಲೀಟರಿನ ಹಳೆಯ ಪೀಪಾಯಿಗಳು ಅಲ್ಲಿ ಧಾರಾಳವಾಗಿ ಸಿಗುತ್ತವೆ. ಗೂಸ್ ಐಲೆಂಡ್‌ನವರು 1990ರ ದಶಕದಲ್ಲಿ ಅವುಗಳಿಗೆ ಸ್ಟೌಟ್ ತುಂಬಿ ಮಲಗಿಸಿ, ಒಂದು ಪಂಥವನ್ನೇ ಹುಟ್ಟಿಸಿದರು. ಬಿಸಿಗೆ ಹಿಗ್ಗಿ ಚಳಿಗೆ ಕುಗ್ಗಿ ಬಿಯರು ಹಲಗೆಯ ಒಳಕ್ಕೂ ಹೊರಕ್ಕೂ ಓಡಾಡುತ್ತದೆ. ಹಲಗೆಯ ಲಿಗ್ನಿನ್ ಸುಟ್ಟು ಒಡೆದದ್ದು ವೆನಿಲ್ಲಾದ ವಾಸನೆ ಕೊಡುತ್ತದೆ, ಓಕ್‌ನ ಲ್ಯಾಕ್ಟೋನು ಕೊಬ್ಬರಿಯದನ್ನು. ಇದರಲ್ಲಿ ಅಪಾಯವೂ ಇದೆ. ಅವರ 2015ರ ಬ್ಯಾಚಿಗೆ ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಹೊಕ್ಕು ಹುಳಿ ಹಿಡಿದು, ಮಾರಿದ್ದಕ್ಕೆ ಹಣ ಹಿಂದಿರುಗಿಸಬೇಕಾಯಿತು. ಅಲ್ಲಿಂದೀಚೆಗೆ ಪಾಶ್ಚರೀಕರಿಸುತ್ತಾರೆ. ಮರದ ಜೊತೆ ಕೆಲಸ ಮಾಡುವವನು ಈ ಅಪಾಯವನ್ನು ಒಪ್ಪಿಕೊಂಡೇ ಇಳಿಯಬೇಕು.

ಒಪ್ಪದವರ ಪಂಥವೊಂದಿದೆ, ಅದರ ಮೇಲೆ ನನ್ನ ಹಳೆಯ ತಕರಾರು. ಚಾಕೊಲೇಟ್ ಸಿರಪ್ಪು, ಹಾಲಿನ ಸಕ್ಕರೆ, ಬಾಟಲಿಯ ವೆನಿಲ್ಲಾ ಸುರಿದು ‘ಪೇಸ್ಟ್ರಿ ಸ್ಟೌಟ್’ ಎಂದು ಕರೆಯುವವರು, ಟ್ಯಾಂಕಿಗೆ ಓಕ್ ಚೂರುಗಳ ಚೀಲ ಇಳಿಬಿಟ್ಟು ವಾರದಲ್ಲಿ ‘ಪೀಪಾಯಿ ರುಚಿ’ ಎನ್ನುವವರು. ಮರದ ವಾಸನೆಯೇನೋ ಅದರಲ್ಲೂ ಬರುತ್ತದೆ. ಆದರೆ ಹಲಗೆಯ ಸಂದುಗಳಿಂದ ತಿಂಗಳುಗಟ್ಟಲೆ ಕಿಂಚಿತ್ತೇ ಒಳನುಸುಳುವ ಗಾಳಿ ಬಿಯರನ್ನು ಖರ್ಜೂರದ ಕಡೆಗೆ ನಡೆಸುವ ಕೆಲಸ ಚೀಲದಿಂದ ಆಗದು. ಕಾಯದೆ ಬಂದ ಸಿಹಿ ಎರಡನೇ ಗುಟುಕಿಗೇ ಮುಗಿದುಹೋಗುತ್ತದೆ.

ಇನ್ನು ನಮ್ಮ ಕಡೆಯ ಸಂಗತಿ. ಸಂಜೆ ಶಿಫ್ಟು ಬಿಟ್ಟ ಮೇಲೆ ಅತ್ತಿಬೆಲೆಯ ವೈನ್ ಶಾಪುಗಳ ಮುಂದೆ ನಿಂತರೆ ‘ಸ್ಟ್ರಾಂಗ್ ಕೊಡಿ’, ‘ಚಿಲ್ಡ್ ಇದೆಯಾ’ ಎಂಬ ಎರಡು ಮಾತು ಬಿಟ್ಟು ಮೂರನೆಯದು ಕೇಳಿಸದು. ದಿನವಿಡೀ ಯಂತ್ರದ ಮುಂದೆ ನಿಂತವನು ತಣ್ಣನೆಯದನ್ನು ಕೇಳುವುದು ನ್ಯಾಯವೇ. ನನ್ನ ಜಗಳ ತಯಾರಕರೊಂದಿಗೆ. ಅಕ್ಕಿ, ಮೆಕ್ಕೆಜೋಳ, ಸಕ್ಕರೆಗಳಿಂದ ಆಲ್ಕೋಹಾಲು ಏರಿಸಿ, ಮೈಯಿಲ್ಲದ ಲಾಗರನ್ನು ಐಸಿನಷ್ಟು ತಣ್ಣಗೆ ಕುಡಿಸಿ, ರುಚಿಯ ಪ್ರಶ್ನೆಯೇ ಏಳದಂತೆ ನೋಡಿಕೊಂಡವರು ಅವರು.

ಪಾನಕ್ಕೆ ಒಂದು ಕ್ರಮ ಇರುವುದು ನಮ್ಮಲ್ಲಿ ಹೊರಗಿನಿಂದ ಬಂದದ್ದೇನಲ್ಲ. ಹಳಗನ್ನಡದ ಚಂಪೂಕಾವ್ಯಕ್ಕೆ ಹದಿನೆಂಟು ವರ್ಣನೆಗಳು ಬೇಕು, ಅವುಗಳಲ್ಲಿ ಮಧುಪಾನವೂ ಒಂದು. ಪಂಪನ ‘ವಿಕ್ರಮಾರ್ಜುನ ವಿಜಯ’ದ ನಾಲ್ಕನೆಯ ಆಶ್ವಾಸದ ಪಾನಗೋಷ್ಠಿಯನ್ನು ನಾನು ಮತ್ತೆ ಮತ್ತೆ ಓದುತ್ತೇನೆ. ಅಲ್ಲಿ ಮೊದಲು ಮಧುದೇವತೆಗಳ ಅರ್ಚನೆ. ಆಮೇಲೆ ಗಿಳಿ, ಕೋಗಿಲೆ, ಹಂಸಗಳ ಆಕಾರದ ಬಟ್ಟಲುಗಳಿಗೆ ತುಂಬುವುದು. ಕಿರಿಯರು ಹಿರಿಯರಿಗೆ ನಮಿಸುತ್ತಾರೆ, ನೆಲಕ್ಕೆ ಒಂದಿಷ್ಟು ಎರೆಯುತ್ತಾರೆ, ತಲೆಗೆ ಚಿಮುಕಿಸಿ ಹಣೆಗೆ ಬೊಟ್ಟಿಟ್ಟುಕೊಳ್ಳುತ್ತಾರೆ. ಜೊತೆಗೆ ನಂಜಿಕೊಳ್ಳಲು ಚಕ್ಕಣ. 941ರ ಕಾವ್ಯದಲ್ಲಿ ಬಟ್ಟಲಿನ ಆಕಾರಕ್ಕೆ ಇಷ್ಟು ಗಮನ ಕೊಟ್ಟ ಭಾಷೆಯವರು ನಾವು. 14%ರ ಸ್ಟೌಟನ್ನು ಪ್ಲಾಸ್ಟಿಕ್ ಲೋಟಕ್ಕೆ ಸುರಿಯುವುದನ್ನು ಒಪ್ಪಲು ನನ್ನಿಂದಾಗದು. ಬುಡ ಅಗಲ, ಬಾಯಿ ಕಿರಿದಾದ ಚಿಕ್ಕ ಬ್ರಾಂದಿ ಗ್ಲಾಸು ಸಾಕು.

ಮರವೂ ನಮಗೆ ದೂರವಿಲ್ಲ. ಕುಂಬಳಗೋಡಿನಲ್ಲಿ ಅಮೃತ್ ಡಿಸ್ಟಿಲರಿ ಇದೆ. 1948ರಲ್ಲಿ ಶುರುವಾದ ಈ ಸಂಸ್ಥೆ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಗ್ಲಾಸ್ಗೋದಲ್ಲಿ ಬಿಡುಗಡೆ ಮಾಡಿತು. ಪೀಪಾಯಿಯ ವಿಸ್ಕಿ ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ 2% ಆವಿಯಾದರೆ ಬೆಂಗಳೂರಿನಲ್ಲಿ 10%ಕ್ಕೂ ಹೆಚ್ಚು ಆವಿಯಾಗುತ್ತದೆ, ಪೀಪಾಯಿ ಅಷ್ಟೇ ವೇಗದಲ್ಲಿ ಕೆಲಸ ಮಾಡುತ್ತದೆ. ವಿಸ್ಕಿಗೆ ಒದಗಿದ ಈ ಹವೆ ಕಪ್ಪು ಬಿಯರಿಗೂ ಒದಗೀತು. ಹುಳಿ ಹಿಡಿಯದಂತೆ ತಂಪು ಕೋಣೆ ಮಾತ್ರ ಬೇಕೇ ಬೇಕು.

ಧಾನ್ಯವೋ, ಕಣ್ಣೆದುರಿಗೇ ಇದೆ. ಆನೇಕಲ್ ತಾಲ್ಲೂಕಿನಲ್ಲಿ ಲೇಔಟುಗಳ ನಡುವೆ ಉಳಿದ ಹೊಲಗಳಲ್ಲಿ ಇಂದಿಗೂ ರಾಗಿಯೇ. ಸಿಕ್ಕಿಂ, ಡಾರ್ಜಿಲಿಂಗ್‌ಗಳಲ್ಲಿ ಹುದುಗಿಸಿದ ಇದೇ ರಾಗಿಗೆ ಬಿಸಿನೀರು ಹೊಯ್ದು ಬಿದಿರ ಕೊಳವೆಯಿಂದ ತೋಂಗ್ಬಾ ಹೀರುತ್ತಾರೆ. ಉಗಾಂಡದಲ್ಲೂ ರಾಗಿಯ ಬಿಯರಿದೆ. ಮೊಳಕೆ ಕಟ್ಟಿ ಒಣಗಿಸಿ ಹುರಿಯುವುದು ನಮ್ಮ ಮನೆಗಳಿಗೆ ಗೊತ್ತಿರುವ ವಿದ್ಯೆ. ಹುರಿಹಿಟ್ಟಿನ ಆ ವಾಸನೆಯನ್ನು ಬಾರ್ಲಿಯ ಜೊತೆ ಪೋರ್ಟರ್ ಎಂಬ ಕಪ್ಪು ಬಿಯರಿನಲ್ಲಿ ಹಿಡಿಯಬೇಕು.

ತೊಡಕು ಕಾನೂನಿನದು. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಮಾನದಂಡದಲ್ಲಿ ಸ್ಟ್ರಾಂಗ್ ಬಿಯರಿಗೂ 8%ರ ಮಿತಿ. ಷಿಕಾಗೋದ ನಕಲು ಇಲ್ಲಿ ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಖಾಲಿಯಾದ ಪೀಪಾಯಿಯ ಹಲಗೆಯಲ್ಲಿ ಇನ್ನೂ ಕೆಲವು ಲೀಟರು ವಿಸ್ಕಿ ಇಂಗಿರುತ್ತದೆ, ಅದು ಬಿಯರಿಗಿಳಿದು ಆಲ್ಕೋಹಾಲನ್ನು ಏರಿಸುತ್ತದೆ. ಹಾಗಾಗಿ 6%ರ ಆಸುಪಾಸಿನ ರಾಗಿ ಪೋರ್ಟರಿನಿಂದ ಶುರುಮಾಡಿದರೆ ಮಿತಿಯೊಳಗೇ ನಿಲ್ಲಬಹುದು. ಇಲ್ಲಿಯ ತಯಾರಕರು ಒಂದರ ಬದಲು ಎರಡು ಪೀಪಾಯಿ ತುಂಬಲಿ, ಒಂದು ಹುಳಿ ಹಿಡಿದರೂ ಇನ್ನೊಂದು ಉಳಿದೀತು. ತಿಂಗಳಿಗೊಮ್ಮೆ ತೆಗೆದು ರುಚಿ ನೋಡಲಿ. ಕೊಬ್ಬರಿಯ ವಾಸನೆ ರಾಗಿಯದನ್ನು ಮುಚ್ಚುವ ಮುಂಚೆಯೇ ಇಳಿಸಿಬಿಡಬೇಕು.